ಪಿಂಚಣಿ ಬಂತು, ಪುರುಸೊತ್ತೂ ಬಂತು, ಮುಂದೆ?

ಮೈಸೂರಿಗೆ 'ಪಿಂಚಣಿದಾರರ ಸ್ವರ್ಗ' ಎಂಬ ಬಿರುದು ಹಳೆಯದು. ಹವೆ ಚೆನ್ನ, ಮರದ ನೆರಳುಂಟು, ತಿರುಗಾಡಲು ಕುಕ್ಕರಹಳ್ಳಿ ಕೆರೆ ಏರಿ ಉಂಟು. ಕುವೆಂಪು ಅವರೂ ಓಡಾಡಿದ ಜಾಗ ಅದು. ಆದರೆ ಬಿರುದಿನಿಂದ ಹೊತ್ತು ಹೋಗುತ್ತದೆಯೇ ಸ್ವಾಮಿ?

ಸರ್ಕಾರಿ ನೌಕರರಿಗೆ 60 ತುಂಬಿದ ಕೂಡಲೇ ಹಾರ, ಶಾಲು, ಫಲತಾಂಬೂಲ ಕೊಟ್ಟು ಮನೆಗೆ ಕಳಿಸುತ್ತೇವೆ. ಮರುದಿನದಿಂದ 'ಸಾರ್' ಎನ್ನುವವರಿಲ್ಲ. ವಾಕಿಂಗು, ಪೇಪರು, ತಿಂಡಿ. ಹತ್ತು ಗಂಟೆಗೆ ಎಲ್ಲ ಮುಗೀತು. ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ. ಆಮೇಲೆ ಗೋಡೆ ಗಡಿಯಾರ ನೋಡ್ತಾ ಕೂರೋದು.

ವಯಸ್ಸಾದವರಿಗೂ ವಾರಕ್ಕೆ 150 ನಿಮಿಷವಾದರೂ ಮೈ ಆಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾವು ಹೇಳೋದು, ಕಾಲು ಆಡಿದರೆ ಸಾಲದು, ಬಾಯೂ ಆಡಬೇಕು.

ಶಕ್ತಿ ಯೋಜನೆಯಲ್ಲಿ 2023ರ ಜೂನ್ 11ರಿಂದ ಹೆಂಗಸರಿಗೆ ಸಾದಾ ಬಸ್ಸು ಪುಕ್ಕಟೆ. ಮಂಡಿನೋವಿನ ಅಜ್ಜಿ ಮೆಟ್ಟಿಲು ಹತ್ತುವ ಮೊದಲೇ 'ರೈಟ್' ಅಂದರೆ ಆ ಪುಕ್ಕಟೆ ಯಾತಕ್ಕೆ? ಕಂಡಕ್ಟರೇ, ಸ್ವಲ್ಪ ತಡೀರಿ. ಕೂತ ಹುಡುಗರೇ, ಸೀಟು ಬಿಡಿ.

ಅಂಗಡಿಯವರಿಗೂ ಒಂದು ಮಾತು. ಬಾಗಿಲ ಪಕ್ಕ ಒಂದು ಸ್ಟೂಲು ಹಾಕಿ. ನಿವೃತ್ತ ಮೇಷ್ಟ್ರು ನಿಮ್ಮ ಮಗನ ಲೆಕ್ಕ ತಿದ್ದಾರು, ನಿವೃತ್ತ ಗುಮಾಸ್ತರು ಬ್ಯಾಂಕಿನ ಅರ್ಜಿ ತುಂಬಿಕೊಟ್ಟಾರು. ಅವರಿಗೆ ಬೇಕಾದ್ದು ಕರುಣೆ ಅಲ್ಲ, ಕೆಲಸ. ನಗರಪಾಲಿಕೆಯೂ ಪಾರ್ಕಿಗೆ ಬೆಂಚು ಹಾಕಿಸಿ ಸುಮ್ಮನಾಗದೆ ಶೌಚಾಲಯದ ಕಡೆ ನೋಡಲಿ.

ದಿನಾ ಕಾಣುವ ಹಿರಿಯರು ಎರಡು ದಿನ ಕಾಣದಿದ್ದರೆ ಮನೆ ತನಕ ಹೋಗಿ ಬನ್ನಿ. ವಿಚಾರಿಸಿಕೊಳ್ಳುವವರೇ ಇಲ್ಲದ ಊರು ಸ್ವರ್ಗ ಹೇಗಾದೀತು?