ಪರಿಹಾರ ಕೇಂದ್ರ ಮುಚ್ಚಿದ ಮೇಲೆ: ಕೊಡಗು ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ತಾವೇ ಅಧ್ಯಕ್ಷರಾದ್ದರಿಂದ ಈ ಪತ್ರ ನೇರ ತಮಗೇ. ಮಳೆಗಾಲಕ್ಕೆ ಮುಂಚೆ ಒಂದು ಸಭೆ ಕರೆಯಿರಿ ಎಂದು ಕೇಳುವುದಕ್ಕೆ ಬರೆಯುತ್ತಿದ್ದೇನೆ. ಜೆಸಿಬಿ, ದೋಣಿ, ಹಗ್ಗಗಳ ಲೆಕ್ಕ ಹಾಕುವ ಸಭೆಯಲ್ಲ. ಚರ್ಚು, ಮಸೀದಿ, ದೇವಸ್ಥಾನ ಸಮಿತಿ, ಕೊಡವ ಸಮಾಜ, ಗೌಡ ಸಮಾಜ, ಯುವಕ ಸಂಘಗಳವರನ್ನೆಲ್ಲ ಒಟ್ಟಿಗೆ ಕೂರಿಸಿಕೊಂಡು ಮಾತಾಡುವ ಸಭೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳು ಜರಿದಾಗ ಕೊಡಗಿಗೆ ನೆರವಿನ ಕೊರತೆಯಾಗಲಿಲ್ಲ. ಲಾರಿಗಟ್ಟಲೆ ಬಟ್ಟೆ, ಬಿಸ್ಕತ್ತು, ನೀರಿನ ಬಾಟಲಿ ಬಂದವು. ಆದರೆ ಮನೆ ಕಳೆದುಕೊಂಡವರಿಗೆ ಜಂಬೂರು, ಮದೆನಾಡಿನ ಹೊಸ ಮನೆಗಳ ಕೀಲಿ ಸಿಕ್ಕಿದ್ದು 2020ರ ಜೂನ್‌ನಲ್ಲಿ. ಲಾರಿಗಳು ನಿಂತ ದಿನದಿಂದ ಕೀಲಿ ಕೈಗೆ ಬಂದ ದಿನದವರೆಗಿನ ಆ ಅವಧಿಯ ಬಗ್ಗೆಯೇ ನನ್ನ ಮಾತು.

ಕೆಸರು ತುಂಬಿದ ಮನೆಯನ್ನು ಮತ್ತೆ ಬಳಕೆಗೆ ತರುವ ಕೆಲಸ ಎಂಥದ್ದೆಂದು ಮಾಡಿದವರಿಗೇ ಗೊತ್ತು. ಹಸಿಯಿರುವಾಗಲೇ ಗುದ್ದಲಿಯಲ್ಲಿ ತುಂಬಿ, ಮಂಕರಿಯಲ್ಲಿ ಹೊತ್ತು ಹಾಕಬೇಕು. ಬಿಸಿಲು ಬಿದ್ದು ಗಟ್ಟಿಯಾದರೆ ಪಿಕಾಸಿಯೇ ಗತಿ. ಬಾವಿಯ ನೀರನ್ನೆಲ್ಲ ಎತ್ತಿ ಬ್ಲೀಚಿಂಗ್ ಪೌಡರ್ ಹಾಕಬೇಕು. ಪಹಣಿ, ರೇಷನ್ ಕಾರ್ಡು, ಮಕ್ಕಳ ಅಂಕಪಟ್ಟಿಗಳನ್ನು ಒಂದಕ್ಕೊಂದು ಅಂಟಿ ಹರಿಯದಂತೆ ಬಿಡಿಸಿ ನೆರಳಲ್ಲಿ ಒಣಗಿಸಬೇಕು. ಇದನ್ನೆಲ್ಲ ಮಾಡಲು ಗ್ರಾಮ ಆಡಳಿತಾಧಿಕಾರಿಗಳಿಗೆ ಬಿಡುವಿಲ್ಲ. ತಾವಾಗಿ ಬಂದು, ವಾರ ಕಳೆದರೂ ಹಿಂತಿರುಗದ ಜನರೇ ಬೇಕು.

ಅಂಥ ಜನ ಇದ್ದಾರೆ. ಊರಿನ ಚರ್ಚಿಗೆ ಪ್ರತಿ ಭಾನುವಾರ ಬರುವವರು ನೆರೆ ಇಳಿದ ಮೇಲೂ ಅದೇ ಊರಿನಲ್ಲಿರುತ್ತಾರೆ. ಮನೆ ಮನೆ ಸುತ್ತುವ ಸಿಸ್ಟರ್‌ಗಳಿಗೆ, ಸ್ವಸಹಾಯ ಸಂಘದ ಹೆಂಗಸರಿಗೆ ತೋಟಗಳ ಲೈನ್‌ಮನೆಗಳ ಪರಿಚಯವೂ ಇರುತ್ತದೆ. ಲೈನ್‌ಮನೆಯ ಕಾರ್ಮಿಕನ ಹೆಸರಿನಲ್ಲಿ ಪಹಣಿ ಇಲ್ಲ, ಮನೆಯ ಹಕ್ಕುಪತ್ರವೂ ಇಲ್ಲ. ಕಾಗದ ನೋಡಿ ಮಾಡಿದ ಪಟ್ಟಿಯಿಂದ ಮೊದಲು ಬಿಟ್ಟುಹೋಗುವವನು ಅವನೇ. ಇಂಥವರ ಹೆಸರು ತಮ್ಮ ಮೇಜಿಗೆ ಬರಬೇಕಾದರೆ ಅವರನ್ನು ಬಲ್ಲವರನ್ನು ತಾವು ಕರೆದು ಕೇಳಬೇಕು.

2018ರ ಅದೇ ಆಗಸ್ಟ್‌ನ ನೆರೆಯಲ್ಲಿ ಕೇರಳದ ಕರಾವಳಿಯ ಮೀನುಗಾರರು ದೋಣಿಗಳನ್ನು ಲಾರಿಗೆ ಹೇರಿಕೊಂಡು ಒಳನಾಡಿಗೆ ಹೋಗಿ ಸಾವಿರಾರು ಜನರನ್ನು ಉಳಿಸಿದರು. ಅನೇಕ ಕಡೆ ಅವರನ್ನು ಒಟ್ಟುಗೂಡಿಸಿದ್ದು ಚರ್ಚುಗಳ ಪಾದ್ರಿಗಳು. ನೀರಿಳಿದ ಮೇಲೆ ಕುಟ್ಟನಾಡಿನ ಮನೆಗಳನ್ನು ತೊಳೆಯಲು ಸರ್ಕಾರವೇ ಸಾವಿರಾರು ಸ್ವಯಂಸೇವಕರನ್ನು ಸೇರಿಸಿತು. ನಮ್ಮಲ್ಲೂ ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ತಳಮಟ್ಟದ ಸ್ವಯಂಸೇವಾ ಸಂಸ್ಥೆಗಳನ್ನು ತೊಡಗಿಸಿಕೊಳ್ಳುವ ಹೊಣೆಯನ್ನು 2005ರ ವಿಪತ್ತು ನಿರ್ವಹಣಾ ಕಾಯ್ದೆಯ 30ನೇ ಕಲಂ ಜಿಲ್ಲಾ ಪ್ರಾಧಿಕಾರಕ್ಕೆ ಆಗಲೇ ಕೊಟ್ಟಿದೆ.

ಧರ್ಮದ ಹೆಸರಿನ ಸಂಸ್ಥೆ ಕೈಹಾಕಿದರೆ ಅನುಮಾನ ಪಡುವವರೂ ಇದ್ದಾರೆ. ಆ ಅನುಮಾನವನ್ನು ತಳ್ಳಿಹಾಕಬೇಡಿ. ನೆರವನ್ನು ಧರ್ಮಪ್ರಚಾರಕ್ಕೆ ಬಳಸಬಾರದು ಎಂಬ ನಿಯಮ ರೆಡ್‌ಕ್ರಾಸ್ ಮತ್ತು ಸ್ವಯಂಸೇವಾ ಸಂಸ್ಥೆಗಳ 1994ರ ನೀತಿಸಂಹಿತೆಯಲ್ಲೇ ಇದೆ. ಜಾತಿ, ಧರ್ಮ ನೋಡಿ ಪರಿಹಾರ ಹಂಚಬಾರದು ಎಂದು ನಮ್ಮ ಕಾಯ್ದೆಯ 61ನೇ ಕಲಂ ಹೇಳುತ್ತದೆ. ಚರ್ಚಾಗಲಿ, ಮಠವಾಗಲಿ, ಮಸೀದಿಯಾಗಲಿ, ಈ ಎರಡಕ್ಕೂ ಸಹಿ ಹಾಕಿದವರಿಗೆ ಮಾತ್ರ ಕೆಲಸ ವಹಿಸಿ. ಸಹಿ ಹಾಕಿದವರನ್ನು ನಂಬಿ.

ಮೇ ತಿಂಗಳಲ್ಲಿ ಅವರನ್ನೆಲ್ಲ ಕರೆಯಿರಿ. ಕೆಸರು ತೆಗೆಯುವವರು ಯಾರು, ಕಾಗದಪತ್ರ ಮಾಡಿಸಿಕೊಡುವವರು ಯಾರು, ಬಾಡಿಗೆ ಮನೆಗೆ ಹೋದ ಕುಟುಂಬಗಳನ್ನು ತಿಂಗಳು ತಿಂಗಳೂ ವಿಚಾರಿಸುವವರು ಯಾರು ಎಂದು ಹೋಬಳಿವಾರು ಬರೆದಿಡಿ. ಆ ಪಟ್ಟಿಯನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿ. ಇದಕ್ಕೆ ಖರ್ಚು ಹೆಚ್ಚಿಲ್ಲ. ಜೂನ್‌ಗೆ ಮೊದಲು ಆಗಬೇಕು, ಅಷ್ಟೆ.

ಇಂತಿ ತಮ್ಮ ವಿಶ್ವಾಸಿ,
ಮಡಿಕೇರಿಯ ಒಬ್ಬ ಸ್ವಯಂಸೇವಕ