ಮಾಂಜ್ರಾ: ಜಲಕ್ರೀಡೆಗಿಂತ ಕುಡಿಯುವ ನೀರು ಮೊದಲು
ರಾಜ್ಯದ 2024–29ರ ಪ್ರವಾಸೋದ್ಯಮ ನೀತಿ ಸಾಹಸ ಪ್ರವಾಸಕ್ಕೂ ಒತ್ತು ನೀಡಿದೆ. ಆದರೆ ಕಾಳಿ ನದಿಯ ಮಾದರಿ ಬೀದರ್ ಜಿಲ್ಲೆಗೆ ಒಗ್ಗದು. ಅಲ್ಲಿ ರಾಫ್ಟಿಂಗ್ ನಡೆಯುವುದು ವಿದ್ಯುತ್ ಉತ್ಪಾದನೆಗೆಂದು ಸೂಪಾ ಜಲಾಶಯದಿಂದ ಬಿಡುವ ನೀರಿನಲ್ಲಿ. ಮಹಾರಾಷ್ಟ್ರದ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟಿ ಭಾಲ್ಕಿ, ಔರಾದ್ ತಾಲ್ಲೂಕುಗಳಲ್ಲಿ ಹರಿಯುವ ಮಾಂಜ್ರಾ ಮಳೆಗಾಲವನ್ನೇ ನಂಬಿದ ನದಿ. 2016ರ ಬರದಲ್ಲಿ ಮೇಲ್ಭಾಗದ ಧನೇಗಾಂವ್ ಅಣೆಕಟ್ಟು ಬತ್ತಿ, ಲಾತೂರಿಗೆ ರೈಲಿನಲ್ಲಿ ನೀರು ಸಾಗಿಸಬೇಕಾಯಿತು. ಬೀದರ್ ನಗರಕ್ಕೆ ಕುಡಿಯುವ ನೀರು ಒದಗಿಸುವ ಜಲಾಶಯವಿರುವುದೂ ಮಾಂಜ್ರಾದ ಉಪನದಿ ಕಾರಂಜಾದ ಮೇಲೆಯೇ. ಕೃತಕ ರಭಸಕ್ಕಾಗಿ ನದಿಪಾತ್ರಕ್ಕೆ ಕಾಂಕ್ರೀಟ್ ಹಾಕಿದರೆ ನೀರು ಇಂಗುವುದಕ್ಕೂ ಮೀನುಗಳ ಸಂಚಾರಕ್ಕೂ ಅಡ್ಡಿಯಾಗುತ್ತದೆ. ಆದ್ದರಿಂದ ಇಲ್ಲಿ ಜಲಕ್ರೀಡೆಯ ಯಾವುದೇ ಯೋಜನೆಯನ್ನು ಮಳೆಗಾಲದ ಪ್ರವಾಹ ನೋಡಿ ರೂಪಿಸುವುದು ತರವಲ್ಲ. ಬೇಸಿಗೆಯಲ್ಲಿ ಉಳಿಯುವ ನೀರೇ ಅದಕ್ಕೆ ಅಳತೆಗೋಲಾಗಬೇಕು.