ಗೂಡು ಗಡಿ ದಾಟುತ್ತೆ, ಹಕ್ಕು ದಾಟಲ್ಲ

ಶಿಡ್ಲಘಟ್ಟದ ರೇಷ್ಮೆ ಗೂಡು ಮಾರುಕಟ್ಟೆಗೆ ಆಂಧ್ರದಿಂದಲೂ ಗೂಡು ಬರುತ್ತೆ. 2017ರಲ್ಲಿ ಜಿಎಸ್‌ಟಿ ಜಾರಿಯಾದ ಮೇಲೆ ರಾಜ್ಯದ ಗಡಿಗಳಲ್ಲಿದ್ದ ತೆರಿಗೆ ಚೆಕ್‌ಪೋಸ್ಟ್‌ಗಳೂ ಹೋದವು. ಸರಕಿಗೆ ದಾರಿ ಸಲೀಸು. ಆದರೆ ಆ ಗೂಡಿನಿಂದ ನೂಲು ಬಿಚ್ಚುವ ಕುಟುಂಬವೊಂದು ಗೌರಿಬಿದನೂರು ದಾಟಿ ಹಿಂದೂಪುರಕ್ಕೆ ಮನೆ ಬದಲಾಯಿಸಲು ಹೊರಟರೆ?

ಸಂವಿಧಾನದ 19ನೇ ವಿಧಿಯ ಪ್ರಕಾರ ದೇಶದ ಯಾವ ಮೂಲೆಗೆ ಬೇಕಾದರೂ ಹೋಗಿ ನೆಲೆಸಬಹುದು. ಆದರೆ ಸರ್ಕಾರಗಳು ಸವಲತ್ತು ಕೊಡುವುದು ಮನುಷ್ಯರಿಗಲ್ಲ, ಅವರ ವಿಳಾಸಕ್ಕೆ. ವಿಳಾಸ ಬದಲಾಗುವ ಆ ಕೆಲವು ತಿಂಗಳು ಬಡವರ ಪಾಲಿಗೆ ಏನಾಗುತ್ತೆ ಅನ್ನೋದೇ ಇಲ್ಲಿನ ಪ್ರಶ್ನೆ.

ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಅಪ್ಪ ಫಿಲೇಚರ್‌ನಲ್ಲಿ ಕೂಲಿ. ಮಗನಿಗೆ ಪೆನುಕೊಂಡದ ಕಾರು ಕಾರ್ಖಾನೆಗಳ ಕಡೆ ಕೆಲಸ ಸಿಕ್ಕಿದೆ. ಮಗಳು 9ನೇ ತರಗತಿ ಮುಗಿಸಿದ್ದಾಳೆ. ಭಾಷೆ ಅವರಿಗೆ ಸಮಸ್ಯೆಯೇ ಅಲ್ಲ, ಈ ಸೀಮೆಯಲ್ಲಿ ತೆಲುಗು ಮನೆಮಾತಿನಷ್ಟೇ ಸಹಜ. ಮಾಲೀಕರ ಹತ್ತಿರ ತಗೊಂಡ ಮುಂಗಡ ತೀರಿಸಬೇಕು, ಬಾಡಿಗೆ ಮನೆಯ ಅಡ್ವಾನ್ಸ್ ವಾಪಸ್ ಕೇಳಬೇಕು, ಗ್ಯಾಸ್ ಕನೆಕ್ಷನ್ ವರ್ಗಾಯಿಸಬೇಕು, ಸ್ಕೂಟರ್‌ಗೆ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಶಾಲೆಯಿಂದ ಟಿಸಿ ತರಬೇಕು. ಒಂದೊಂದು ಕಚೇರಿಗೂ ಒಂದೊಂದು ದಿನದ ಕೂಲಿ ಖೋತಾ. ಇಷ್ಟನ್ನು ಹೇಗೋ ನಿಭಾಯಿಸಬಹುದು. ನಿಜವಾದ ಪೆಟ್ಟು ಇದಾದ ಮೇಲೆ.

ಮೊದಲು ರೇಷನ್. 'ಒಂದು ದೇಶ, ಒಂದು ಪಡಿತರ ಚೀಟಿ' ಯೋಜನೆಯಿಂದ ಆಹಾರ ಭದ್ರತಾ ಕಾಯ್ದೆಯಡಿಯ ತಲಾ 5 ಕೆ.ಜಿ ಧಾನ್ಯವನ್ನು ಹಿಂದೂಪುರದಲ್ಲೂ ಪಡೆಯಬಹುದು. ಇದು ಒಳ್ಳೆಯ ಕೆಲಸ, ಮೆಚ್ಚಲೇಬೇಕು. ಆದರೆ ಅನ್ನಭಾಗ್ಯದಲ್ಲಿ ರಾಜ್ಯ ಸೇರಿಸುವ ಹೆಚ್ಚುವರಿ ಪಾಲು ಗಡಿ ದಾಟಲ್ಲ. ಆಂಧ್ರದ 'ರೈಸ್ ಕಾರ್ಡ್' ಬೇಕೆಂದರೆ ಇಲ್ಲಿನ ಕಾರ್ಡಿನಿಂದ ಹೆಸರು ತೆಗೆಸಬೇಕು. ಇಲ್ಲಿನ ಕಾರ್ಡ್ ಹೋದರೆ ಅದಕ್ಕೇ ಜೋಡಿಸಿರುವ ಗೃಹಲಕ್ಷ್ಮಿಯ ತಿಂಗಳ 2000 ರೂಪಾಯಿಯೂ ನಿಲ್ಲುತ್ತೆ. ಹೊಸ ಕಾರ್ಡ್ ಬರುವವರೆಗೆ ಅಮ್ಮನ ಕೈಯಲ್ಲಿ ಅದೂ ಇಲ್ಲ, ಇದೂ ಇಲ್ಲ.

ಬಸ್ಸಿನ ಕಥೆಯೂ ಹೀಗೇ. ಶಕ್ತಿ ಯೋಜನೆಗೆ ಕರ್ನಾಟಕದ ವಿಳಾಸ ಬೇಕು. ಆಂಧ್ರ 2025ರ ಆಗಸ್ಟ್ 15ರಂದು ಶುರು ಮಾಡಿದ 'ಸ್ತ್ರೀ ಶಕ್ತಿ'ಗೆ ಆಂಧ್ರದ ವಿಳಾಸ ಬೇಕು. ಎರಡೂ ಸರ್ಕಾರಗಳು ಹೆಣ್ಣುಮಕ್ಕಳ ಓಡಾಟದ ಹೆಸರಲ್ಲೇ ಬೆನ್ನು ತಟ್ಟಿಕೊಂಡಿವೆ. ನಿಜವಾಗಿ ಊರು ಬಿಟ್ಟು ಹೊರಟವಳು ಮಾತ್ರ ಟಿಕೆಟ್ ತಗೋಬೇಕು.

ಇನ್ನು ಮಗಳ ವಿಷಯ. ಕರ್ನಾಟಕದ ಸಿಇಟಿಯಲ್ಲಿ ರಾಜ್ಯದ ಅಭ್ಯರ್ಥಿ ಅನ್ನಿಸಿಕೊಳ್ಳಲು ಸಾಮಾನ್ಯ ನಿಯಮ ಹೀಗಿದೆ: ಇಲ್ಲಿ ಕನಿಷ್ಠ 7 ವರ್ಷ ಓದಿರಬೇಕು, ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲೇ ಪಾಸು ಮಾಡಿರಬೇಕು. ಆಕೆ 9 ವರ್ಷ ಓದಿದ್ದಾಳೆ, ಆದರೆ ಎರಡೂ ಪರೀಕ್ಷೆ ಬರೆಯುವುದು ಅಲ್ಲಿ. ಆಂಧ್ರದಲ್ಲಿ 371-ಡಿ ವಿಧಿಯ ಆಧಾರದ ಮುಖ್ಯ ನಿಯಮ ಅರ್ಹತಾ ಪರೀಕ್ಷೆಗೆ ಮುಗಿಯುವಂತೆ ಸತತ 4 ವರ್ಷದ ಓದು ಕೇಳುತ್ತೆ. ಹತ್ತನೇ ತರಗತಿ, ಇಂಟರ್‌ಮೀಡಿಯೆಟ್ ಎರಡು ವರ್ಷ ಸೇರಿದರೆ ಮೂರೇ. ಲೆಕ್ಕ ಹಾಕಿ ನೋಡಿ: ಒಂದು ದಿನವೂ ಶಾಲೆ ತಪ್ಪಿಸದ ಹುಡುಗಿ ಎರಡೂ ಕಡೆಯ ಈ ನಿಯಮಗಳಲ್ಲಿ ಹೊರಗಿನವಳು.

ಕುಟುಂಬ ಪರಿಶಿಷ್ಟ ಜಾತಿಯದ್ದಾದರೆ ಇನ್ನೊಂದು ಗೋಡೆ. ಒಂದು ರಾಜ್ಯದ ಎಸ್‌ಸಿ, ಎಸ್‌ಟಿ ಸ್ಥಾನಮಾನ ವಲಸೆಯ ಜೊತೆ ಇನ್ನೊಂದು ರಾಜ್ಯಕ್ಕೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿತು. ಅಸ್ಪೃಶ್ಯತೆಗೆ ಮಾತ್ರ ಯಾವ ಗಡಿಯೂ ಅಡ್ಡ ಬರಲ್ಲ.

ಮತದ ಹಕ್ಕೂ ವಿಳಾಸದ್ದೇ. ಬಿಹಾರದ ವಿಶೇಷ ಪರಿಷ್ಕರಣೆಯ ನಂತರ 2025ರ ಆಗಸ್ಟ್ 1ರಂದು ಬಂದ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರುಗಳಿರಲಿಲ್ಲ. ತೆಗೆಯಲು ಕೊಟ್ಟ ಕಾರಣಗಳಲ್ಲಿ 'ಶಾಶ್ವತವಾಗಿ ಸ್ಥಳಾಂತರ'ವೂ ಒಂದು. ಹಳೇ ಊರಲ್ಲಿ ಹೆಸರು ಅಳಿಸುವುದು ಸುಲಭ. ಹೊಸ ಊರಲ್ಲಿ ಸೇರಿಸಿಕೊಳ್ಳಬೇಕಾದರೆ ನಮೂನೆ 8 ಹಿಡಿದು ಓಡಾಡಬೇಕಾದವರು ನಾವೇ.

ಸ್ಥಳೀಯರಿಗೆ ಆದ್ಯತೆ ಬೇಡ ಅಂತ ಯಾರೂ ಹೇಳುತ್ತಿಲ್ಲ. ಆದರೆ ಆಂಧ್ರ 2019ರಲ್ಲಿ ಕಾರ್ಖಾನೆಗಳ 75% ಕೆಲಸ ಸ್ಥಳೀಯರಿಗೆ ಅಂತ ಕಾನೂನು ಮಾಡಿತು. ಕರ್ನಾಟಕದ ಸಂಪುಟ 2024ರ ಜುಲೈಯಲ್ಲಿ ಅಂಥದ್ದೇ ಮಸೂದೆಗೆ ಒಪ್ಪಿಗೆ ಕೊಟ್ಟು, ಗದ್ದಲವಾದ ಮೇಲೆ ತಡೆಹಿಡಿಯಿತು. ಆಗ ನಮ್ಮಲ್ಲಿ ಚರ್ಚೆ ಪೂರ್ತಿ ಒಳಗೆ ಬರುವವರ ಬಗ್ಗೆ ನಡೆಯಿತು. ನಮ್ಮಿಂದ ಹೊರಗೆ ಹೋಗುವವರ ನೆನಪು ಎಷ್ಟು ಜನಕ್ಕಿತ್ತು? ಬೇರೆಯವರಿಗೆ ಅಂತ ಹಾಕಿದ ಬೇಲಿಯಂಥದ್ದೇ ಆಚೆ ಕಡೆಯೂ ಇರುತ್ತೆ, ಶಿಡ್ಲಘಟ್ಟದ ಹುಡುಗ ಸಿಕ್ಕಿಕೊಳ್ಳುವುದು ಅದರಲ್ಲಿ.

ಪರಿಹಾರ ಕಷ್ಟದ್ದೇನಲ್ಲ. ಹೊಸ ರಾಜ್ಯದ ಕಾರ್ಡ್ ಕೈಗೆ ಬರುವವರೆಗೆ ಹಳೆಯದು ರದ್ದಾಗಬಾರದು. ಯಾವ ಮಗುವೂ ಎರಡೂ ರಾಜ್ಯಗಳಲ್ಲಿ ಒಟ್ಟಿಗೇ ಹೊರಗಿನದಾಗಬಾರದು. ಮತದಾರರ ಪಟ್ಟಿಯಲ್ಲಿ ಸೇರಿಸುವುದೂ ಅಳಿಸುವುದೂ ಒಟ್ಟಿಗೇ ಆಗಬೇಕು. ಪಟ್ಟಿಯ ಕೆಲಸ ಚುನಾವಣಾ ಆಯೋಗದ್ದು. ಉಳಿದೆರಡನ್ನು ಮಾತಾಡಿಕೊಳ್ಳಲು 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯೇ ವಲಯ ಮಂಡಳಿಗಳನ್ನು ಮಾಡಿದೆ. ದಕ್ಷಿಣ ವಲಯ ಮಂಡಳಿಯಲ್ಲಿ ಕರ್ನಾಟಕ, ಆಂಧ್ರ ಎರಡೂ ಇವೆ. ಪಡಿತರದ 5 ಕೆ.ಜಿಗೆ ಗಡಿ ದಾಟಿಸಲು ಸಾಧ್ಯವಾದ ವ್ಯವಸ್ಥೆಗೆ ಉಳಿದದ್ದೂ ಸಾಧ್ಯ. ಮುಂದಿನ ಬಾರಿ ನಿಮ್ಮ ಶಾಸಕರು ಗ್ಯಾರಂಟಿಗಳ ಪಟ್ಟಿ ಓದುವಾಗ ಕೇಳಿ: ಊರು ಬಿಡಬೇಕಾಗಿ ಬಂದವರಿಗೆ ಇದರಲ್ಲಿ ಯಾವುದು ಗ್ಯಾರಂಟಿ?